ಕಲ್ಲಿನೊಳಗಣ ರಂಧ್ರ

ಊಟದ ಮೇಜಿನ ಮೇಲೆ ಬೆಳಕು ಬೀಳಬೇಕು. ಆದರೆ ದೀಪವನ್ನು ತೂಗುಹಾಕುವುದಕ್ಕಾಗಿ ಚಾವಣಿಯನ್ನು ಕೊರೆಯಕೂಡದು. ಇಷ್ಟು ಸಾಮಾನ್ಯವಾದ ಸಮಸ್ಯೆಯೊಂದರಿಂದ ಹುಟ್ಟಿದ್ದು ಇಟಲಿಯ ‘ಆರ್ಕೊ’ ದೀಪ. ಮಿಲಾನ್ ನಗರದ ಅಕಿಲ್ಲೆ ಕಾಸ್ಟಿಲ್ಯೋನಿ ಹಾಗೂ ಅವರ ಅಣ್ಣ ಪಿಯರ್ ಜಾಕೊಮೊ ಇದನ್ನು 1962ರಲ್ಲಿ ಫ್ಲೋಸ್ ಸಂಸ್ಥೆಗಾಗಿ ರೂಪಿಸಿದರು. ಆರ್ಕೊ ಎಂದರೆ ಕಮಾನು. ಬೀದಿದೀಪದ ಕಂಬವು ರಸ್ತೆಯ ಅಂಚಿನಲ್ಲಿ ನಿಂತು ನಡುರಸ್ತೆಗೆ ಬೆಳಕು ಚೆಲ್ಲುವ ಬಗೆಯೇ ಅವರಿಗೆ ದಾರಿ ತೋರಿತು.

ಉಕ್ಕಿನ ಕಮಾನು ಸುಮಾರು ಎರಡು ಮೀಟರಿನಷ್ಟು ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ಮೇಜನ್ನಿಟ್ಟರೂ ಬಡಿಸುವವರು ಕುರ್ಚಿಗಳ ಹಿಂದೆ ಓಡಾಡಲು ಎಡೆಯುಂಟು. ಇಷ್ಟು ಉದ್ದದ ತೋಳು ಮಗುಚದಿರಬೇಕಾದರೆ ಬುಡದಲ್ಲಿ ಭಾರವಿರಬೇಕಷ್ಟೆ. ಅದಕ್ಕಾಗಿ ಸುಮಾರು 65 ಕಿಲೋಗ್ರಾಂ ತೂಕದ ಕರಾರಾ ಅಮೃತಶಿಲೆಯನ್ನು ಆರಿಸಿದರು. ಅಮೃತಶಿಲೆಯೆಂದೊಡನೆ ಆಡಂಬರವೆಂದು ತೋರಬಹುದು. ಆದರೆ ಅದು ಕಾಂಕ್ರೀಟಿಗಿಂತ ಸಾಂದ್ರವಾದುದು. ಅಷ್ಟೇ ತೂಕ ಕಡಿಮೆ ಜಾಗದಲ್ಲಿ ಅಡಗುತ್ತದೆ. ಮೈಗೆ ತಾಗಿ ನೋಯಿಸದಿರಲೆಂದು ಅದರ ಅಂಚುಗಳನ್ನು ಸವರಿದ್ದಾರೆ. ಇನ್ನು, ಕಲ್ಲಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕೊರೆದಿರುವ ಆ ದುಂಡನೆಯ ರಂಧ್ರ! ನೋಡಿದವರು ಅದನ್ನು ಅಲಂಕಾರವೆಂದೇ ಭಾವಿಸುತ್ತಾರೆ. ಅದಿರುವುದು ಪೊರಕೆಯ ಕೋಲನ್ನು ತೂರಿಸುವುದಕ್ಕೆ. ಕೋಲಿನ ಎರಡು ತುದಿಗಳನ್ನು ಇಬ್ಬರು ಹಿಡಿದರೆ ದೀಪವನ್ನು ಎತ್ತಿ ಸಾಗಿಸಬಹುದು.

ಆರ್ಕೊ ದೀಪದ ಹಿರಿಮೆಯೆಲ್ಲ ನನಗೆ ಕಾಣುವುದು ಈ ರಂಧ್ರದಲ್ಲಿಯೇ. ವಸ್ತುವೊಂದರ ನಕ್ಷೆ ಬರೆಯುವಾಗ ಅದನ್ನು ಹೊರುವವರ ಬೆನ್ನನ್ನು ನೆನೆಯುವವರು ವಿರಳ. ಮುಂದೆ ಈ ದೀಪಕ್ಕೆ ಲೆಕ್ಕವಿಲ್ಲದಷ್ಟು ನಕಲುಗಳು ಬಂದವು. ನಕಲು ಮಾಡುವವರ ಕಣ್ಣಿಗೆ ಬಿದ್ದದ್ದು ಮಿರುಗುವ ಕಮಾನು. ರಂಧ್ರವನ್ನೇ ಕೈಬಿಟ್ಟ ನಕಲುಗಳೂ ಉಂಟು.

ಆಕ್ಷೇಪಣೆಗೆ ಎಡೆಯಿಲ್ಲವೆಂದಲ್ಲ. ಒಂದು ಮೇಜಿಗೆ ಬೆಳಕು ಕೊಡಲು ಇಷ್ಟು ದೊಡ್ಡ ಕಲ್ಲು ಬೇಕೆ? ಬೆಲೆಯಂತೂ ಸಾಮಾನ್ಯ ಕುಟುಂಬಕ್ಕೆ ಎಟುಕದು. ಬಳಕೆಯ ಅನುಕೂಲವನ್ನೇ ನೆನೆದು ಮಾಡಿದ ವಸ್ತು ಸಿರಿವಂತರ ದಿವಾನಖಾನೆಗಳನ್ನೂ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವನ್ನೂ ಸೇರಿತು. ಈ ವಿಪರ್ಯಾಸವನ್ನು ನಾನು ಅಲ್ಲಗಳೆಯಲಾರೆ.

ಪಿಯರ್ ಜಾಕೊಮೊ 1968ರಲ್ಲಿ ತೀರಿಕೊಂಡರು. ಅಕಿಲ್ಲೆ 2002ರವರೆಗೆ ಬದುಕಿದ್ದರು. ಸೋದರರು ಕೂಡಿ ರೂಪಿಸಿದ ಇನ್ನೊಂದು ವಸ್ತುವಿದೆ: ಮೇಜುದೀಪದ ತಂತಿಯ ನಡುವೆ ಕೂಡಿಸುವ ಪುಟ್ಟ ಸ್ವಿಚ್ಚು. ಕತ್ತಲೆಯಲ್ಲಿಯೂ ಬೆರಳಿಗೆ ಸುಲಭವಾಗಿ ಸಿಗುವ ಈ ಅಗ್ಗದ ಸಾಧನ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಯಿತು. ಅಕಿಲ್ಲೆಗೆ ಇದರ ಬಗೆಗೆ ಬಲು ಹೆಮ್ಮೆಯಿತ್ತು. ಕೊಂಡವರು ಅದನ್ನು ರೂಪಿಸಿದವರ ಹೆಸರನ್ನು ಕೇಳಲಿಲ್ಲ.