ಬಡಿಸುವವನು ಬಿದ್ದಾಗ

“ಸರ್ವರ್ ಡೌನ್, ಆಮೇಲೆ ಬನ್ನಿ.”

ಈ ಮಾತನ್ನು ಒಮ್ಮೆಯಾದರೂ ಕೇಳದ ಸಂಸಾರ ನಮ್ಮ ನಾಡಿನಲ್ಲಿ ಇಂದು ಇರಲಾರದು. ಕೇಳಿದೊಡನೆ ಕೆಲವರು ಗೊಣಗುತ್ತಾರೆ, ಕೆಲವರು ಕಾಫಿಗೆ ಹೋಗುತ್ತಾರೆ. ನನ್ನ ಸೋದರಮಾವನಾದರೋ ಆ ದಿನ ಬೆವೆತುಹೋದರು.

ಅವರದು ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿ. ಮೂರೆಕರೆ ಅರಿಶಿನದ ಹೊಲ. ಬೆಳೆಸಾಲದ ಅರ್ಜಿಗೆ ಪಹಣಿ ಬೇಕಾಗಿತ್ತು. ಅರ್ಜಿ ಸಲ್ಲಿಸಲು ಅಂದೇ ಕಡೆಯ ದಿನ. ಓದುಬರಹ ಬಲ್ಲವನೊಬ್ಬ ಜೊತೆಗಿರಲೆಂದು ಚಾಮರಾಜನಗರದಿಂದ ನನ್ನನ್ನು ಕರೆಸಿಕೊಂಡಿದ್ದರು. ಕನ್ನಡದ ಎಂ.ಎ. ಪದವಿ ಕಂಪ್ಯೂಟರಿನ ಮುಂದೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತೆಂಬುದು ಪಾಪ, ಅವರಿಗೆ ತಿಳಿಯದು. ಕಿಟಕಿಯ ಆಚೆಯಿಂದ ಆ ಮಾತು ಕೇಳಿಬಂದೊಡನೆ ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು, ದನಿ ತಗ್ಗಿಸಿ ಕೇಳಿದರು:

“ಬಿದ್ದೋಯ್ತು ಅಂತವ್ರಲ್ಲಪ್ಪಾ... ನಮ್ ಜಮೀನೂ ಅದ್ರೊಳಗೇ ಅಲ್ವಾ ಇರೋದು?”

ನಾನು ನಗಲಿಲ್ಲ. ನಗುವ ಪ್ರಶ್ನೆಯೂ ಅದಲ್ಲ. ‘ಭೂಮಿ’ ಯೋಜನೆಯಡಿ 2001ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಲೆಕ್ಕಿಗರ ಪುಸ್ತಕಗಳನ್ನು ಬಿಟ್ಟು ಕಂಪ್ಯೂಟರನ್ನು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಮೊದಮೊದಲು ಆಯಾ ತಾಲ್ಲೂಕಿನ ಯಂತ್ರ ಆಯಾ ಕಚೇರಿಯಲ್ಲೇ ಇತ್ತು. ಮುಂದೆ ಎಲ್ಲವೂ ಒಂದು ಕೇಂದ್ರದಲ್ಲಿ ಒಟ್ಟುಗೂಡಿತು. ಮಾವನ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಕಾಗದ ಇಂದು ನೆನಪಿಗಷ್ಟೆ. ಕಣ್ಣಿಗೆ ಕಾಣದ ಯಾವುದೋ ಕಡೆ ಇರುವ ದಾಖಲೆ ‘ಬಿದ್ದಿತು’ ಎಂದರೆ ರೈತನ ಎದೆ ನಡುಗದೆ ಇದ್ದೀತೆ?

ಹೊಂಗೆಯ ಮರದ ನೆರಳಿನಲ್ಲಿ ನಿಂತು, ಬೆಂಗಳೂರಿನ ಯಾವುದೋ ಸಂಸ್ಥೆಯಲ್ಲಿ ಇಂಥ ಯಂತ್ರಗಳನ್ನೇ ಕಾಯುವ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಹಳಗನ್ನಡ ಪದ್ಯ ಬಂದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದ ಹುಡುಗ. ಈಗ ನಾನು ಅವನ ಪಾಠ ಕೇಳಬೇಕಾಯಿತು. ಅವನು ಹೇಳಿದ್ದನ್ನು ಮಾವನಿಗೆ ಮದುವೆಮನೆಯ ಭಾಷೆಯಲ್ಲಿ ತಿಳಿಸಿದೆ. ವಾಚಕರಿಗೂ ಹಾಗೆಯೇ ಹೇಳುವೆ.

ಪಂಕ್ತಿಯಲ್ಲಿ ಬಡಿಸುವವರು ವೆಬ್ ಸರ್ವರುಗಳು. ಬೇಕಾದುದನ್ನು ಕೇಳಿಕೊಂಡು ಹೋಗಿ ತಂದುಕೊಡುವುದಷ್ಟೇ ಅವರ ಕೆಲಸ. ಒಳಗೆ ಒಲೆಯ ಮುಂದಿರುವವರು ಅಪ್ಲಿಕೇಷನ್ ಸರ್ವರುಗಳು. ಲೆಕ್ಕ, ನಿಯಮ, ಪರಿಶೀಲನೆಗಳೆಲ್ಲ ಅವರದು. ಅಕ್ಕಿಬೇಳೆಯ ಉಗ್ರಾಣವೇ ಡೇಟಾಬೇಸ್. ಮಾವನ ಪಹಣಿ ಇರುವುದು ಉಗ್ರಾಣದಲ್ಲಿ. ಬಡಿಸುವವನು ಸೆಕೆಗೆ ಮೂರ್ಛೆ ಹೋದರೆ ಉಗ್ರಾಣದ ಒಂದು ಕಾಳೂ ಕಡಮೆಯಾಗದು. ಉಗ್ರಾಣಕ್ಕೇ ಬೆಂಕಿ ಬಿದ್ದರೆ ಅದು ಬೇರೆಯ ಮಾತು. ಅದಕ್ಕೆಂದೇ ಅದರ ಪ್ರತಿಯೊಂದನ್ನು ದೂರದ ಇನ್ನೊಂದು ಕಡೆ ಇಡುವ ಪದ್ಧತಿ.

ಒಬ್ಬನೇ ಬಿದ್ದರೆ ಊಟ ನಿಲ್ಲುವುದೂ ಇಲ್ಲ. ಬಾಗಿಲಲ್ಲಿ ಲೋಡ್ ಬ್ಯಾಲೆನ್ಸರ್ ಎಂಬ ಯಜಮಾನನಿದ್ದಾನೆ. ಕೆಲವು ಕ್ಷಣಗಳಿಗೊಮ್ಮೆ ಪ್ರತಿಯೊಬ್ಬನನ್ನೂ ‘ಇದ್ದೀಯಾ?’ ಎಂದು ಕೂಗುತ್ತಾನೆ. ಓಗೊಡದವನಿಗೆ ಪಂಕ್ತಿ ವಹಿಸುವುದಿಲ್ಲ. ಆದರೆ ಯಾವ ಎಲೆಗೆ ಪಲ್ಯ ಬಿದ್ದಿದೆ ಎಂಬುದು ಬಿದ್ದವನ ತಲೆಯಲ್ಲಿ ಮಾತ್ರವೇ ಇದ್ದರೆ, ಹೊಸಬ ಮತ್ತೆ ಉಪ್ಪಿನಿಂದಲೇ ತೊಡಗಬೇಕು. ಅರ್ಜಿಯನ್ನು ಅರ್ಧ ತುಂಬಿಸಿದ ಮೇಲೆ ‘ಪುನಃ ಲಾಗಿನ್ ಆಗಿ’ ಎಂಬ ಆಜ್ಞೆ ಬರುವುದಕ್ಕೆ ಒಂದು ಕಾರಣ ಇದೇ.

“ಎಬ್ಬಿಸೋದು ಸುಲಭ ಸಾರ್, ಪಂಕ್ತಿಗೆ ಸೇರಿಸೋದೇ ಕಷ್ಟ,” ಎಂದ ಹುಡುಗ. ಆತ ಕಂಡ ಒಂದು ರಾತ್ರಿಯ ಕಥೆ ಹೀಗಿದೆ. ಆರು ಯಂತ್ರಗಳಲ್ಲಿ ಒಂದರ ಡಿಸ್ಕ್ ಸತ್ತಿತು. ಹೊಸ ಯಂತ್ರ ತಂದರು. ಉಳಿದ ಐದರಲ್ಲಿ ಯಾವ ಆವೃತ್ತಿಯ ತಂತ್ರಾಂಶ, ಯಾವ ತಿದ್ದುಪಡಿಗಳು ಇದ್ದವೋ ಅವನ್ನೇ ಹಾಕಿದರು. ಅಲ್ಲಿ ವ್ಯತ್ಯಾಸವಾದರೆ ಹೊಸಬ ಹಳಬರೊಡನೆ ಹೊಂದದೆ ಹೋಗಬಹುದು. ಸತ್ತದ್ದರ ಹೆಸರನ್ನು ಪಟ್ಟಿಯಿಂದ ತೆಗೆದರು. ತೆಗೆಯದಿದ್ದರೆ ಹೆಣಕ್ಕೇ ಕೆಲಸ ಹೇಳುತ್ತ ಕೂರುವ ಅಪಾಯವುಂಟು. ಗುರುತಿನ ಸರ್ಟಿಫಿಕೇಟನ್ನೂ ಅದರ ಗುಪ್ತ ಕೀಲಿಯನ್ನೂ ಬೇರೆಯಾಗಿ ಕಾಪಿಟ್ಟಲ್ಲಿಂದ ತಂದಿರಿಸಿದರು. ಇಷ್ಟಾದರೂ ಯಂತ್ರ ಪಂಕ್ತಿಗೆ ಇಳಿಯಲೊಲ್ಲದು! ನಡುರಾತ್ರಿಯಿಂದ ನಾಲ್ಕು ಗಂಟೆಯವರೆಗೆ ಹುಡುಕಿದ ಮೇಲೆ ತಿಳಿದದ್ದು: ಎರಡು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮ ಆ ಯಂತ್ರಗಳ ಒಂದು ಕಡತದಲ್ಲಿ ಒಂದೇ ಸಾಲನ್ನು ಕೈಯಾರೆ ತಿದ್ದಿ, ಎಲ್ಲಿಯೂ ಬರೆದಿಡದೆ ಕೆಲಸ ಬಿಟ್ಟು ಹೋಗಿದ್ದ.

“ಆ ಒಂದು ಸಾಲು ಬರೆದಿಟ್ಟಿದ್ರೆ ಒಂದು ಗಂಟೆ ಕೆಲಸ ಸಾರ್.” ಟಿಪ್ಪಣಿ ಬರೆದುಕೊಳ್ಳಿರೆಂದು ನಾನು ತರಗತಿಯಲ್ಲಿ ಬಡಿದುಕೊಳ್ಳುತ್ತಿದ್ದುದನ್ನು ಜ್ಞಾಪಿಸಬೇಕೆನಿಸಿತು, ಸುಮ್ಮನಾದೆ.

ಎದ್ದವನನ್ನು ಒಮ್ಮೆಗೇ ತುಂಬಿದ ಪಂಕ್ತಿಗೆ ನೂಕುವಂತಿಲ್ಲ. ಎಲ್ಲವೂ ಬಿದ್ದಿದ್ದರಂತೂ ಮೊದಲು ಉಗ್ರಾಣ ನೋಡಬೇಕು, ಆಮೇಲೆ ಅಡುಗೆಮನೆ, ಕಡೆಗೆ ಬಡಿಸುವವರು. ಹೊರಗೆ ಹಸಿದು ಕಾದವರೆಲ್ಲ ಒಟ್ಟಿಗೆ ನುಗ್ಗಿದರೆ ಆಗತಾನೆ ಎದ್ದವನು ಮತ್ತೆ ಬೀಳುತ್ತಾನೆ. 2023ರ ಜೂನ್ ತಿಂಗಳಿನಲ್ಲಿ ಗೃಹಜ್ಯೋತಿಗಾಗಿ ನಾಡಿಗೆ ನಾಡೇ ಸೇವಾಸಿಂಧುವಿನ ಬಾಗಿಲು ತಟ್ಟಿದಾಗ ಅದು ತತ್ತರಿಸಿದ್ದು ನೆನಪಿರಬಹುದು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕುಂಟಿದ್ದು ಬೇರೊಂದು ಬಗೆ: ಸುಳ್ಳು ಖಾತೆಗಳ ಮೂಲಕ ಕೃತಕ ಕೋರಿಕೆಗಳ ಪ್ರವಾಹವನ್ನೇ ಹರಿಸಲಾಗಿತ್ತೆಂದು ಸರ್ಕಾರ ಪ್ರಕಟಿಸಿತು. ಕರೆಯದೆ ಬಂದವರು ಎಲೆ ಹಿಡಿದು ಕುಳಿತಿರುವಾಗ ಬಡಿಸುವವನ ಮುಖಕ್ಕೆ ನೀರು ಚಿಮುಕಿಸಿ ಏನು ಪ್ರಯೋಜನ? ಬಾಗಿಲಲ್ಲಿ ತಡೆಯಬೇಕು.

ಕಿಟಕಿಯ ಗುಮಾಸ್ತರನ್ನು ಬಯ್ಯುವುದೂ ವ್ಯರ್ಥ. ಅವರೂ ನಮ್ಮಂತೆ ಕಾದು ಕುಳಿತವರೇ. ಆದರೆ ‘ದಾಖಲೆ ಭದ್ರವಾಗಿದೆ, ತರುವ ಯಂತ್ರವಷ್ಟೇ ಕೆಟ್ಟಿದೆ’ ಎಂಬ ಹಲಗೆಯೊಂದನ್ನು ತೂಗುಹಾಕಲು ಯಾವ ಖರ್ಚು? ಎರಡಕ್ಷರದ ‘ಡೌನ್’ ಎಂಬುದರಲ್ಲಿ ಆ ಅಭಯವಿಲ್ಲ.

ಮೂರೂ ಕಾಲಿನ ಸುಮಾರಿಗೆ ಒಳಗಿನಿಂದ ಪ್ರಿಂಟರಿನ ಸದ್ದು ಕೇಳಿಸಿತು. ಪಹಣಿ ಕೈಗೆ ಬಂದೊಡನೆ ಮಾವ ಬೆರಳಿಟ್ಟು ತಮ್ಮ ಹೆಸರು, ತಂದೆಯ ಹೆಸರು, ವಿಸ್ತೀರ್ಣ ಎಲ್ಲವನ್ನೂ ಎರಡು ಸಲ ಓದಿಸಿಕೊಂಡರು.

“ಐತೆ ಕನಪ್ಪಾ,” ಎಂದರು. ಮತ್ತೆ ಏನೋ ನೆನೆದುಕೊಂಡು, “ಆ ಹುಡ್ಗ ರಾತ್ರಿಯೆಲ್ಲಾ ನಿದ್ದೆಗೆಟ್ಟ ಅಂದ್ಯಲ್ಲ, ಉಂಡವ್ನಾ ಕೇಳು,” ಎಂದರು.

ಅರ್ಜಿ ಕೊಡುವ ಕಿಟಕಿ ಮುಚ್ಚಲು ಇನ್ನು ಮುಕ್ಕಾಲು ಗಂಟೆಯಿತ್ತು. ಓಡಿದೆವು.