ಇಂಜಿನ್ನಿನ ವಯಸ್ಸು ಕೇಳುವ ಮುನ್ನ ಅಳತೆ ನೋಡಿ

ಹೋದ ತಿಂಗಳು ಹೊಸಪೇಟೆಯ ಗ್ಯಾರೇಜೊಂದರಲ್ಲಿ ನಮ್ಮ ಚಿಕ್ಕಪ್ಪನ ಲಾರಿಯ ಇಂಜಿನ್ ಬಿಚ್ಚಿದ್ದರು. 2005ರ ಮಾಡೆಲ್, ಆರು ಸಿಲಿಂಡರ್. ಅದಿರಿನ ಹುಚ್ಚು ಏರಿದ್ದ ಕಾಲದಲ್ಲಿ ಸಾಲ ಮಾಡಿ ತಂದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಕಡೆ ಲಾರಿಗಳು ನಿಂತಲ್ಲೇ ನಿಂತವು. ಎಷ್ಟೋ ಗಾಡಿಗಳನ್ನು ಫೈನಾನ್ಸ್‌ನವರು ಎಳೆದೊಯ್ದರು. ಇದೊಂದು ಹೇಗೋ ಉಳಿಯಿತು. ಆಮೇಲೆ ಜಲ್ಲಿ, ಇಟ್ಟಿಗೆ, ಮೆಕ್ಕೆಜೋಳ ಹೊತ್ತು ಮನೆ ನಡೆಸಿತು. ಈಗ ಬ್ಯಾಕ್ ಕಂಪ್ರೆಷನ್ ಶುರುವಾಗಿದೆ. ಆಯಿಲ್ ಕುಡಿಯುತ್ತಿದೆ, ಹೊಗೆ ನೀಲಿಯಾಗಿದೆ.

ಮೇಸ್ತ್ರಿ ಬಿಚ್ಚಿದ ಸಾಮಾನನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ್ದರು. ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಾಗ ಯಾವ್ಯಾವ್ ಮತ್ತೆ ಹಾಕಬಹುದು ಮೇಸ್ತ್ರಿ?"

ಒಂದೋ ಎರಡೋ ಹಳೇ ಲಾರಿ ಇಟ್ಟುಕೊಂಡು ಬದುಕುವ ಎಲ್ಲರ ಪ್ರಶ್ನೆಯೂ ಇದೇ. ಸರ್ಕಾರದ ಉತ್ತರ ಮಾತ್ರ ಬೇರೆ: ಗಾಡಿ ಹಳೇದಾಯ್ತಾ, ಗುಜರಿಗೆ ಹಾಕು.

2021ರ ಆಗಸ್ಟ್‌ನಲ್ಲಿ ಪ್ರಧಾನಿ ಘೋಷಿಸಿದ ಗುಜರಿ ನೀತಿಯ ನಂತರ ಹಳೆ ವಾಹನಗಳ ಎಫ್‌ಸಿ ಶುಲ್ಕ ಏರುತ್ತಲೇ ಇದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮಾಡಿದ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಭಾರಿ ವಾಹನದ ಶುಲ್ಕ 25 ಸಾವಿರ ರೂಪಾಯಿ. ಗಾಡಿ ಹೊಗೆ ಉಗುಳುತ್ತಿರಲಿ, ಅಚ್ಚುಕಟ್ಟಾಗಿ ರಿಪೇರಿ ಆಗಿರಲಿ, ಎರಡಕ್ಕೂ ಅದೇ 25 ಸಾವಿರ. ಅಷ್ಟು ದುಡ್ಡಿನಲ್ಲಿ ನಮ್ಮ ಲಾರಿಗೆ ಹೊಸ ಬೇರಿಂಗ್ ಸೆಟ್, ರಿಂಗ್ ಸೆಟ್ ಎರಡೂ ಬಂದು ಚಿಲ್ಲರೆ ಉಳಿಯುತ್ತಿತ್ತು. ಸಮಸ್ಯೆಯ ಬೇರು ಇಲ್ಲಿದೆ ಎನ್ನುವುದು ನನ್ನ ವಾದ. ಅದು ಅರ್ಥವಾಗಬೇಕಾದರೆ ಇಂಜಿನ್ನಿನ ಒಳಗೆ ಸ್ವಲ್ಪ ಇಣುಕಬೇಕು.

ಯಾವುದು ಉಳೀತದೆ, ಯಾವುದು ಉಳಿಯಲ್ಲ

ಹಳೇ ಸಾಮಾನು ಮತ್ತೆ ಹಾಕುವುದೆಂದರೆ ಮೋಸ ಎಂಬ ಭಾವನೆ ಹಲವರಲ್ಲಿದೆ. ಅದು ತಪ್ಪು. ಇಂಜಿನ್ನಿನ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಕ್ಯಾಮ್ ಇವೆಲ್ಲ ಎರಡು ಮೂರು ಸಲ ರಿಪೇರಿ ತಡೆಯುವಂತೆ ಮಾಡಿದ ಸಾಮಾನುಗಳೇ. ಕ್ರ್ಯಾಂಕ್ ಸವೆದರೆ ಲೇತಿಗೆ ಒಯ್ದು ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಬಿರುಕು ಬಿಟ್ಟಿಲ್ಲ, ಅಳತೆ ಮಿತಿಯೊಳಗಿದೆ ಅಂದರೆ ಅದೇ ಕ್ರ್ಯಾಂಕ್ ಮತ್ತೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ.

ಕೆಲವನ್ನು ಉಳಿಸಬಹುದು, ಆದರೆ ಜೋಡಿ ತಪ್ಪಿಸಬಾರದು. ಬೇರಿಂಗ್ ಕ್ಯಾಪ್‌ಗಳನ್ನು ಅದಲು ಬದಲು ಮಾಡಬಾರದು, ಅದಕ್ಕೇ ಅವುಗಳ ಮೇಲೆ ನಂಬರ್ ಹೊಡೆದಿರುತ್ತಾರೆ. ಟ್ಯಾಪೆಟ್ ಯಾವ ಕ್ಯಾಮ್ ಉಬ್ಬಿನ ಜೊತೆ ಸವೆದಿದೆಯೋ ಅದೇ ಜಾಗಕ್ಕೆ ಹೋಗಬೇಕು. ಮೇಸ್ತ್ರಿ ಸಾಮಾನನ್ನು ಸಾಲಾಗಿ ಜೋಡಿಸುವುದು ಇದೇ ಕಾರಣಕ್ಕೆ.

ಇನ್ನು ಕೆಲವನ್ನು ಉಳಿಸುವ ಮಾತೇ ಇಲ್ಲ. ಬೇರಿಂಗ್ ಚಿಪ್ಪಿನ ಮೇಲಿನ ಮೆದು ಲೋಹದ ಪದರ ತಲೆಕೂದಲಿಗಿಂತ ತೆಳು. ಅದು ಸವೆದು ತಾಮ್ರ ಕಂಡಿತು ಅಂದರೆ ಮುಗೀತು. ಪಿಸ್ಟನ್ ರಿಂಗ್, ಪ್ಯಾಕಿಂಗ್‌ಗಳು ಕೂಡ ಹಾಗೆಯೇ. ಸ್ಲೀವ್ ಹಳೇದೇ ಬಿಟ್ಟು ರಿಂಗ್ ಮಾತ್ರ ಹೊಸದು ಹಾಕಿದರೆ ಇನ್ನೊಂದು ತಾಪತ್ರಯ. ಸವೆದ ಸ್ಲೀವಿನ ಮೇಲ್ತುದಿಯಲ್ಲಿ ಸಣ್ಣ ಮೆಟ್ಟಿಲಿನಂಥ ಅಂಚು ಉಳಿದಿರುತ್ತದೆ. ಹೊಸ ರಿಂಗ್ ಅದಕ್ಕೆ ತಾಗಿ ಮುರಿಯಬಹುದು.

ಇದನ್ನೆಲ್ಲ ತೀರ್ಮಾನಿಸುವುದು ಮೈಕ್ರೋಮೀಟರ್, ಬೋರ್ ಗೇಜ್, ಫಿಲ್ಲರ್ ಗೇಜ್. ಕಣ್ಣಂದಾಜು ಸಾಲದು. ಮಾಲೀಕನ ಜೇಬಂತೂ ತೀರ್ಮಾನಿಸಲೇಬಾರದು.

ಆದರೆ ಆಗುವುದು ಅದೇ. ಇದು ನಮ್ಮ ಮನೆಯಲ್ಲೇ ಆಗಿದೆ. ಅದಿರು ನಿಂತ ಮರುವರ್ಷ ಅಪ್ಪನ ಲಾರಿ ಇಂಜಿನ್ ಕೆಲಸಕ್ಕೆ ಬಂತು. ಕಂತು ಮೂರು ತಿಂಗಳಿಂದ ಬಾಕಿ. ಬೇರಿಂಗ್ ನೋಡಿದ ಮೇಸ್ತ್ರಿ ಬೇಡ ಅಂದರು. "ಇನ್ನೊಂದು ಆರು ತಿಂಗಳು ಓಡಿದ್ರೆ ಸಾಕು, ಹಾಕಿಬಿಡ್ರಿ" ಅಂದವರು ಅಪ್ಪನೇ. ಆರು ತಿಂಗಳಲ್ಲ, ಆರು ವಾರವೂ ಓಡಲಿಲ್ಲ. ಆಯಿಲ್ ಪ್ರೆಷರ್ ಇಳಿಯಿತು, ಅಡಿಯಿಂದ ಬಡಿತದ ಸದ್ದು ಕೇಳಿಸಿತು. ಒಂದು ರಾತ್ರಿ ಲೋಡ್ ಸಮೇತ ಏರು ಹತ್ತುವಾಗ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಬಂತು. ಕ್ರ್ಯಾಂಕ್, ಬ್ಲಾಕ್ ಎರಡೂ ಹೋದವು. ಲಾರಿ ಗುಜರಿ ಬೆಲೆಗೆ ಹೋಯಿತು. ಅಪ್ಪ ಮತ್ತೆ ಲಾರಿ ಕೊಳ್ಳಲಿಲ್ಲ, ಬೇರೆಯವರ ಗಾಡಿಗೆ ಡ್ರೈವರ್ ಆದರು. ಅವರಿಗೆ ಗೊತ್ತಿಲ್ಲದೆ ಆದ ತಪ್ಪಲ್ಲ ಅದು. ಗೊತ್ತಿದ್ದೂ ಕೈಯಲ್ಲಿ ಕಾಸಿರಲಿಲ್ಲ.

ಹೊಗೆಯ ಪರವಾಗಿ ಮಾತಾಡುತ್ತಿಲ್ಲ

ಹಾಗಂತ ಹಳೆ ಲಾರಿಗಳು ನಿರಪರಾಧಿಗಳು ಎನ್ನಲಾರೆ. ಬಿಎಸ್-2 ಕಾಲದ ಭಾರಿ ಡೀಸೆಲ್ ಇಂಜಿನ್ನಿಗೆ ಪ್ರತಿ ಕಿಲೋವ್ಯಾಟ್ ಗಂಟೆಗೆ 0.15 ಗ್ರಾಂ ಹೊಗೆಕಣ ಬಿಡಲು ಅವಕಾಶವಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6ರಲ್ಲಿ ಅದು 0.01 ಗ್ರಾಂ. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಹಳೇ ಇಂಜಿನ್ ತನ್ನ ಕಾಲದ ಮಟ್ಟಕ್ಕೆ ಮರಳಬಹುದೇ ಹೊರತು ಬಿಎಸ್-6 ಆಗಲ್ಲ. ದೆಹಲಿಯಂಥ ಊರಿನ ಮಕ್ಕಳ ಶ್ವಾಸಕೋಶದ ಮುಂದೆ ಲಾರಿ ಮಾಲೀಕನ ಕಷ್ಟ ಹೇಳಿಕೊಂಡು ಕೂರಲಾಗದು.

ಆದರೆ ಈ ನೀತಿ ಹೊಗೆಯನ್ನು ಕಡಿಮೆ ಮಾಡುತ್ತಿದೆಯೇ? ಹೊಸ ಲಾರಿಯ ಬೆಲೆ ಚಿಕ್ಕಪ್ಪನಂಥವರ ಕೈಗೆ ಎಟುಕುವಂಥದ್ದಲ್ಲ. ಗುಜರಿಗೆ ಹಾಕಿದರೆ ಹೊಸ ವಾಣಿಜ್ಯ ವಾಹನದ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ಕೊಡಬಹುದು ಎನ್ನುತ್ತದೆ ನೀತಿ. ಹೊಸ ಗಾಡಿ ಕೊಳ್ಳಲಾಗದವನಿಗೆ ಆ ರಿಯಾಯಿತಿ ಯಾವ ಲೆಕ್ಕ? ಅವನು ಹಳೇದನ್ನೇ ಓಡಿಸುತ್ತಾನೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲಾರಿ ಮಾಲೀಕರು ಮುಷ್ಕರಕ್ಕೂ ಇಳಿದರು. ಹೀಗೆ ಎಲ್ಲ ಕಡೆಯಿಂದ ಹಿಂಡಿದಾಗ ಮಾಲೀಕ ಮೊದಲು ಕತ್ತರಿ ಹಾಕುವುದು ರಿಪೇರಿ ಖರ್ಚಿಗೆ. ಸವೆದ ರಿಂಗ್ ಮತ್ತೆ ಒಳಗೆ ಹೋಗುತ್ತದೆ, ಹೊಗೆ ಇನ್ನೂ ಹೆಚ್ಚುತ್ತದೆ. ಮಾಲಿನ್ಯ ತಡೆಯಲು ಹಾಕಿದ ಶುಲ್ಕ ಮಾಲಿನ್ಯವನ್ನೇ ಸಾಕುತ್ತದೆ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಸರಿಯಾದ ಹೆಜ್ಜೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಎರಡೇ ತಿಂಗಳಲ್ಲಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದು ಮಾತ್ರ ಅರ್ಥವಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಅಳೆಯುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಡೀಸೆಲ್ ವಾಹನದ ಹೊಗೆಯ ಸಾಂದ್ರತೆ ಅಳೆಯುವ ಪರೀಕ್ಷೆ ಮೊದಲಿಂದಲೂ ಇದೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳನ್ನೂ ಕಟ್ಟುತ್ತಿದ್ದಾರೆ. ಶುಲ್ಕವನ್ನು ವಯಸ್ಸಿಗೆ ಕಟ್ಟುವ ಬದಲು ಆ ಫಲಿತಾಂಶಕ್ಕೆ ಕಟ್ಟಲಿ. ಪಾಸಾದವನಿಗೆ ಕಡಿಮೆ, ಹೊಗೆ ಬಿಟ್ಟವನಿಗೆ ಹೆಚ್ಚು. ಮತ್ತೆ ಮತ್ತೆ ಫೇಲಾದ ಗಾಡಿ ರಸ್ತೆಯಿಂದ ಇಳಿಯಲಿ, ತಕರಾರಿಲ್ಲ.

ಎರಡನೆಯದು, ಇಂಜಿನ್ ರಿಪೇರಿಗೆ ಬ್ಯಾಂಕ್ ಸಾಲ. ಹೊಸ ಲಾರಿಗೆ ಸಾಲ ಕೊಡಲು ಸಾಲುಗಟ್ಟಿ ನಿಲ್ಲುವವರು ರಿಪೇರಿ ಅಂದರೆ ಮುಖ ತಿರುಗಿಸುತ್ತಾರೆ. ಆಗ ಉಳಿಯುವುದು ಮೀಟರ್ ಬಡ್ಡಿ. ಮೂರನೆಯದು, ಸವೆತದ ಮಿತಿ ಎಷ್ಟು ಎಂದು ಹೇಳುವ ಕಂಪನಿ ಕೈಪಿಡಿಗಳು ಕನ್ನಡದಲ್ಲಿ ಗ್ಯಾರೇಜಿಗೆ ಸಿಗಬೇಕು. ರಿಪೇರಿ ಹಕ್ಕಿಗಾಗಿ ಕೇಂದ್ರ 2022ರಲ್ಲಿ ಮಾಡಿದ ಸಮಿತಿ ವಾಹನಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಅದರ ಫಲ ಲಾರಿ ಗ್ಯಾರೇಜಿನವರೆಗೆ ಬಂದಿಲ್ಲ. ನಮ್ಮ ಕೆಎಸ್‌ಆರ್‌ಟಿಸಿಯೇ ತನ್ನ ಕಾರ್ಯಾಗಾರಗಳಲ್ಲಿ ಹಳೆ ಬಸ್ಸುಗಳನ್ನು ನವೀಕರಿಸಿ ಮತ್ತೆ ರಸ್ತೆಗೆ ಬಿಡುತ್ತಿದೆ. ಸರ್ಕಾರಿ ನಿಗಮಕ್ಕೆ ಸಲ್ಲುವ ಬುದ್ಧಿವಂತಿಕೆ ಬಡ ಲಾರಿ ಮಾಲೀಕನಿಗೆ ಯಾಕೆ ಸಲ್ಲಬಾರದು?

ಗ್ಯಾರೇಜಿನಲ್ಲಿ ಆ ಸಂಜೆ ಮೇಸ್ತ್ರಿ ಒಂದೊಂದನ್ನೂ ಅಳೆದು ಚೀಟಿ ಬರೆದರು. ಬ್ಲಾಕ್, ರಾಡ್, ಕ್ಯಾಮ್ ಹಳೇವೇ. ಕ್ರ್ಯಾಂಕ್ ಗ್ರೈಂಡಿಂಗ್. ಸ್ಲೀವ್, ಪಿಸ್ಟನ್, ರಿಂಗ್, ಬೇರಿಂಗ್ ಹೊಸವು. ಚಿಕ್ಕಪ್ಪ ಚೀಟಿಯನ್ನು ಬಹಳ ಹೊತ್ತು ನೋಡಿದರು. ಮುಂದಿನ ತಿಂಗಳು ಎಫ್‌ಸಿ ಮುಗಿಯುತ್ತದೆ. "ಬೇರಿಂಗ್ ಒಂದ್ ಬಿಟ್ರೆ ಎಷ್ಟಾಗ್ತದೆ?" ಅಂತ ಕೇಳಿದರು.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ತಮ್ಮಾ, ನಿಮ್ಮಪ್ಪಾರಿಗೆ ಆಗಿದ್ದು ನೀನಾದ್ರೂ ಹೇಳಪ್ಪ."

ಹೇಳಿದೆ. ಬೇರಿಂಗ್ ಹೊಸದೇ ಬಂತು. ಎಫ್‌ಸಿ ದುಡ್ಡನ್ನು ಚಿಕ್ಕಪ್ಪ ಇನ್ನೂ ಹುಡುಕುತ್ತಿದ್ದಾರೆ.