ಮುಂದಿನ ಸಾಲಿನ ಹೆಂಗಸರು

2025ರ ಸೆಪ್ಟೆಂಬರ್ 27ರಂದು ಲಂಡನ್ನಿನ ಟ್ವಿಕನಮ್ ಮೈದಾನದಲ್ಲಿ ಹೆಂಗಸರ ರಗ್ಬಿ ವಿಶ್ವಕಪ್ಪಿನ ಅಂತಿಮ ಪಂದ್ಯ ನೋಡಲು 81,885 ಜನ ಸೇರಿದ್ದರು. ಇಂಗ್ಲೆಂಡ್ 33-13ರಿಂದ ಕೆನಡಾವನ್ನು ಸೋಲಿಸಿತು. ಆ ಆಟದ ತುಣುಕೊಂದನ್ನು ನೋಡಿದ ನಮ್ಮ ಅತ್ತಿಗೆ, "ಅಯ್ಯೋ, ಇವರೇನು ಹೆಂಗಸರೇನೇ? ನಾಲ್ಕು ಜನ ದಪ್ಪಗಿರೋರನ್ನ ಹಿಡಿದು ತಂದು ತಳ್ಳಿ ಅಂದರಾಯ್ತು, ಅದೊಂದು ಆಟ!" ಎಂದು ನಕ್ಕರು. ಇಂಥ ಮಾತನ್ನು ಗಂಡಸರಿಗಿಂತ ಹೆಚ್ಚಾಗಿ ಆಡುವವರು ನಾವೇ. ಅದಕ್ಕೇ ಇದಕ್ಕೆ ಉತ್ತರ ಕೊಡಬೇಕೆನ್ನಿಸಿತು.

ದಪ್ಪಗಿದ್ದರೆ ಸಾಕೇ? ಸ್ಕ್ರಮ್ ಎಂದರೇನೆಂದು ಮೊದಲು ನೋಡಿ. ಸಣ್ಣ ತಪ್ಪೊಂದಾಗಿ ಆಟ ನಿಂತಾಗ ಎರಡೂ ಕಡೆಯ ಎಂಟೆಂಟು ಜನ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ, ಬಗ್ಗಿ, ತಲೆಗಳನ್ನು ಎದುರಾಳಿಗಳ ತಲೆಗಳ ನಡುವೆ ತೂರಿಸಿ ತಳ್ಳುತ್ತಾರೆ. ಎದುರಾಳಿಗೆ ಹೆಗಲು ಕೊಡುವವರು ಮುಂದಿನ ಸಾಲಿನ ಮೂವರು ಮಾತ್ರ. ನಡುವಿನವಳು ಹುಕರ್, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆಯುವವಳು. ಅವಳ ಎಡಬಲಕ್ಕೆ ಇಬ್ಬರು ಪ್ರಾಪ್‌ಗಳು, ಅಂದರೆ ಆಸರೆಯ ಕಂಬಗಳು. ಬಲಗಡೆಯ ಪ್ರಾಪ್‌ಳ ಪಾಡು ಎಲ್ಲರಿಗಿಂತ ಕಠಿಣ. ಎಡಗಡೆಯವಳಿಗೆ ಒಂದು ಹೆಗಲಾದರೂ ಬಿಡುವಾಗಿರುತ್ತದೆ. ಇವಳ ತಲೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿ ಎರಡೂ ಹೆಗಲಿನ ಮೇಲೆ ಭಾರ ಬೀಳುತ್ತದೆ. ಹಿಂದಿನಿಂದ ತನ್ನವರೇ ನೂಕುತ್ತಾರೆ, ಮುಂದಿನಿಂದ ಅವರು. ಬೆನ್ನು ಹಲಗೆಯ ಹಾಗೆ ನೇರವಾಗಿರಬೇಕು, ಮಂಡಿ ಮಡಿಸಿರಬೇಕು, ಪಾದ ಜಾರಕೂಡದು. ಹೆಗಲು ಸೊಂಟಕ್ಕಿಂತ ಕೆಳಗೆ ಕುಸಿಯಿತೋ, ಸ್ಕ್ರಮ್ಮೇ ಮುರಿದು ಬೀಳಬಹುದು, ಕತ್ತಿಗೆ ಕುತ್ತು.

ಆ ಭಾರವನ್ನು ಅಳೆದವರೂ ಇದ್ದಾರೆ. ಬಾತ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ, ಹೆಂಗಸರ ತಂಡವೊಂದು ಡಿಕ್ಕಿ ಹೊಡೆಯುವ ಕ್ಷಣದ ಬಲ 8,000 ನ್ಯೂಟನ್ನಿಗೂ ಹೆಚ್ಚಿತ್ತು. ಅಂದರೆ 800 ಕಿಲೋಗೂ ಮಿಕ್ಕಿದ ಹೊರೆ. ಅದನ್ನು ಮೂವರು ಹಂಚಿಕೊಳ್ಳಬೇಕು. ಆ ರಭಸ ತಗ್ಗಲೆಂದೇ 2013ರಲ್ಲಿ ನಿಯಮ ಬದಲಾಯಿಸಿ, ಮೊದಲು ಬಗ್ಗಿ, ಆಮೇಲೆ ಹಿಡಿದುಕೊಂಡು, ಕೊನೆಗೆ ಕೂಡುವಂತೆ ಮಾಡಿದರು. ಇದನ್ನೆಲ್ಲ ಹೊಟ್ಟೆಯ ಬೊಜ್ಜು ತಡೆಯುತ್ತದೆಯೇ, ನೀವೇ ಹೇಳಿ. ತಡೆಯುವುದು ಕತ್ತು, ಬೆನ್ನು, ತೊಡೆ, ಮತ್ತು ವರ್ಷಗಟ್ಟಲೆ ಮಾಡಿದ ಅಭ್ಯಾಸ.

ನಿಯಮವೂ ಇದನ್ನು ಒಪ್ಪುತ್ತದೆ. ದೊಡ್ಡ ಪಂದ್ಯಕ್ಕೆ ಹೋಗುವ 23 ಮಂದಿಯಲ್ಲಿ ಮುಂದಿನ ಸಾಲಿಗೆ ತರಬೇತಾದವರೇ ಆರು ಜನ ಇರಬೇಕು. ಗಾಯವಾಗಿ ಅಂಥವರು ಉಳಿಯದಿದ್ದರೆ ರೆಫರಿ ತಳ್ಳಾಟವನ್ನೇ ನಿಲ್ಲಿಸುತ್ತಾನೆ. ಎಷ್ಟೇ ಗುಂಡಗಿರಲಿ, ಕಲಿಯದವಳನ್ನು ಅಲ್ಲಿ ತಂದು ನಿಲ್ಲಿಸುವಂತಿಲ್ಲ. ಟ್ವಿಕನಮ್‌ನಲ್ಲಿ ಬಲಗಡೆಯ ಪ್ರಾಪ್ ಆಗಿದ್ದ ಸಾರಾ ಬರ್ನ್ ಮೊದಲು ಸ್ಕ್ರಮ್ಮಿನ ಹಿಂದಿನ ಸಾಲಿನವಳು. ಈ ಕೆಲಸವನ್ನು ಆಮೇಲೆ ಕಲಿತವಳು.

ಹೊಗಳುವವರ ಮೇಲೂ ನನಗೆ ಸಿಟ್ಟಿದೆ. "ಎಲ್ಲ ಮೈಯೂ ಚೆಂದ" ಎಂದು ಈಗ ಹೊಸ ರಾಗ ಎಳೆಯುತ್ತಾರಲ್ಲ, ಅವರು ನೋಡುವುದೂ ಚೆಂದವನ್ನೇ! ನಮ್ಮ ಊರುಗಳಲ್ಲಿ ಹುಡುಗಿಯ ಸೊಂಟದಳತೆ ನೋಡುವವರಿಗೂ ಇವರಿಗೂ ವ್ಯತ್ಯಾಸ ಬಹಳವಿಲ್ಲ. ಕಮ್ಮಾರನ ತೋಳನ್ನು ನೋಡಿ ಚೆಂದವೋ ಅಲ್ಲವೋ ಎಂದು ಯಾರಾದರೂ ಕೇಳುತ್ತಾರೆಯೇ? ಪ್ರಾಪ್‌ಳ ಕತ್ತು ಅಂಥದು, ದುಡಿದು ಬೆಳೆಸಿದ್ದು.

ಹಾಗೆ ಬೆಳೆಸಲು ಊಟ ಬೇಕು, ಬಿಡುವು ಬೇಕು, ಕಲಿಸುವವರು ಬೇಕು, ದುಡ್ಡೂ ಬೇಕು. ಇಂಗ್ಲೆಂಡ್ ತನ್ನ 28 ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳ ಕೊಡತೊಡಗಿದ್ದು 2019ರಲ್ಲಿ. ಟ್ವಿಕನಮ್‌ನಲ್ಲಿ ಗೆದ್ದದ್ದು ಅದಾದ ಆರು ವರ್ಷಕ್ಕೆ. ಅದಕ್ಕೂ ಹಿಂದಿನವರ ಗತಿ ಕೇಳಿ. 1991ರಲ್ಲಿ ವೇಲ್ಸ್‌ನಲ್ಲಿ ಹೆಂಗಸರು ತಾವೇ ಓಡಾಡಿ 12 ತಂಡಗಳ ಮೊದಲ ವಿಶ್ವಕಪ್ ನಡೆಸಿದರು. ಹಣ ಹೊರಗೆ ಒಯ್ಯಲಾಗದ ಸೋವಿಯತ್ ತಂಡದವರು ವೋಡ್ಕಾ ಮತ್ತು ಮೀನಿನ ಮೊಟ್ಟೆ ಮಾರಿ ಖರ್ಚು ತೂಗಿಸಲು ನೋಡಿದರಂತೆ. ಅಮೆರಿಕ 19-6ರಿಂದ ಇಂಗ್ಲೆಂಡನ್ನು ಗೆದ್ದಿತು. ಅಂದು ಬೆನ್ನು ಬಗ್ಗಿಸಿ ಕತ್ತು ಕೊಟ್ಟ ಹೆಂಗಸರ ಆ ಆಟವನ್ನು ವಿಶ್ವಕಪ್ ಎಂದು ಲೆಕ್ಕಕ್ಕೆ ಹಿಡಿಯಲು ರಗ್ಬಿಯ ದೊಡ್ಡ ಮಂಡಳಿಗೆ 2009ರವರೆಗೆ ಸಮಯ ಬೇಕಾಯಿತು.